ನಾಯಿಯನ್ನು ಕಟ್ಟಿಕೊಂಡು ಮರುಭೂಮಿಯಲ್ಲಿ ಟೆಂಟ್ ಹಾಕಿದವರು ಇದ್ದೀರಾ? ಆಂಜಾ-ಬೊರೆಗೊ ಅನುಭವ ಬೇಕು

ಬೆಲ್ಲದ ಅಪ್ಪ, ಅರ್ವೈನ್
ಫೆಬ್ರವರಿ ಕೊನೆಯ ವಾರ ಹೂವು ನೋಡಲು ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿ ಉದ್ಯಾನಕ್ಕೆ ಮೂರು ರಾತ್ರಿಗೆಂದು ಹೊರಟಿದ್ದೇವೆ. ನಾವಿಬ್ಬರು, ಹಾಸನದಿಂದ ಬಂದಿರುವ ಅತ್ತೆ-ಮಾವ, ಜೊತೆಗೆ ಎರಡು ವರ್ಷದ ಲ್ಯಾಬ್ರಡಾರ್ ಮಿಶ್ರತಳಿ ಬೆಲ್ಲ. ಕೇಳಬೇಕಾದದ್ದು ಎರಡೇ. ಅಲ್ಲಿನ ಪಾಮ್ ಕ್ಯಾನ್ಯನ್ ಕಣಿವೆಯ ಹಾದಿಯಲ್ಲಿ ನಾಯಿಯನ್ನು ಬಿಡುತ್ತಾರೆಯೇ? ಟೆಂಟ್ ಎಲ್ಲಿ ಹಾಕಿದರೆ ವಯಸ್ಸಾದವರಿಗೂ ನಾಯಿಗೂ ಅನುಕೂಲ?

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಮೊದಲು ಚೋಯಾ ಕಳ್ಳಿ ಎಂದರೇನೆಂದು ತಿಳಿದುಕೊಳ್ಳಿ, ಹೂವು ಆಮೇಲೆ ನೋಡುವಿರಂತೆ. ದೂರದಿಂದ ನೋಡಿದರೆ ಬಿಸಿಲಿನಲ್ಲಿ ಹತ್ತಿಯ ಗೊಂಬೆಯ ಹಾಗೆ ಹೊಳೆಯುತ್ತದೆ. ಅದರ ತುಂಡುಗಳು ನಿಂಬೆಹಣ್ಣಿನ ಗಾತ್ರದಲ್ಲಿ ಉದುರಿ ನೆಲದ ತುಂಬ ಬಿದ್ದಿರುತ್ತವೆ. ನಾವು ಹೋದಾಗ ಬೆಳಿಗ್ಗೆ ಆರು ಗಂಟೆಗೆ ನಮ್ಮ ನಾಯಿ ಕೆಂಚನನ್ನು ಮೂತ್ರಕ್ಕೆ ಕರೆದೊಯ್ದೆ. ಹಗ್ಗ ನನ್ನ ಕೈಯಲ್ಲೇ ಇತ್ತು, ನಿಯಮದ ಪ್ರಕಾರ ಆರೇ ಅಡಿಯದು. ಮುಂಗಾಲಿಗೆ ಒಂದು ತುಂಡು ಅಂಟಿತು. ಅದನ್ನು ಕಿತ್ತುಹಾಕಲು ಬಾಯಿ ಹಾಕಿದ. ತುಟಿ, ನಾಲಗೆ, ಒಸಡು ಎಲ್ಲ ಕಡೆ ಮುಳ್ಳು. ನಾನು ಬುದ್ಧಿಗೇಡಿ, ಬರಿಗೈಯಲ್ಲಿ ಎಳೆದೆ. ಮುಳ್ಳಿನ ತುದಿಯಲ್ಲಿ ಗಾಳದ ಕೊಕ್ಕೆಯಂಥ ಹಿಂಬಾಗು ಇರುತ್ತದೆ, ಒಳಗೆ ಹೋಗುವುದು ಸುಲಭ, ಬರುವುದಿಲ್ಲ. ಅವನ ಕಾಲು ಮತ್ತು ನನ್ನ ಅಂಗೈ ಒಂದಕ್ಕೊಂದು ಹೊಲಿದ ಹಾಗಾದವು. ಪಕ್ಕದ ಟೆಂಟಿನ ಅಜ್ಜಿ ಬಂದು ತಲೆ ಬಾಚುವ ಬಾಚಣಿಗೆಯನ್ನು ಚರ್ಮಕ್ಕೂ ಕಳ್ಳಿಗೂ ನಡುವೆ ತೂರಿಸಿ ಒಂದೇ ಏಟಿಗೆ ಚಿಮ್ಮಿಸಿದರು.

ಬಾಯಿಯೊಳಗಿನದಕ್ಕೆ ವೈದ್ಯರೇ ಬೇಕಾಯಿತು. ಒಂದೂವರೆ ಗಂಟೆ ದಾರಿ, ಅದೂ ಭಾನುವಾರ. ತುರ್ತು ತಪಾಸಣೆ 185 ಡಾಲರ್, ಮಂಪರು ಮದ್ದು 310, ಮುಳ್ಳು ತೆಗೆದದ್ದು 420, ನೋವು-ಕೀವಿನ ಮಾತ್ರೆ 96, ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೊಡೆ 28. ಒಟ್ಟು 1,039. ಎರಡು ವಾರದ ಮೇಲೆ ಗಲ್ಲದಿಂದ ಇನ್ನೊಂದು ಮುಳ್ಳು ತಾನಾಗಿ ಹೊರಬಂತು, ಅದನ್ನು ತೋರಿಸಲು ಮತ್ತೆ 140. ವಿಮೆ ಮಾಡಿಸಿದ್ದೆ. ಅದು ಜಾರಿಗೆ ಬರಲು ಹದಿನಾಲ್ಕು ದಿನ ಕಾಯಬೇಕಿತ್ತು, ನಾವು ಹೋದದ್ದು ಹನ್ನೆರಡನೆಯ ದಿನ.

ಎರಡು ಹಸ್ಕಿ, ಸ್ಯಾನ್ ಹೋಸೆ
ನಮ್ಮ ಕಥೆ ಹಣದ್ದಲ್ಲ, ಅವಮಾನದ್ದು. ಒಂಬತ್ತು ಗಂಟೆ ಕಾರು ಓಡಿಸಿ ಆಂಜಾ-ಬೊರೆಗೊ ತಲುಪಿದೆವು. ಪಾಮ್ ಕ್ಯಾನ್ಯನ್ ಹಾದಿಯ ಬಾಯಿಯಲ್ಲೇ ನಾಯಿಗೆ ಪ್ರವೇಶವಿಲ್ಲ ಎಂಬ ಫಲಕ. ಅಲ್ಲಿ ಅಂತ ಅಲ್ಲ, ಆ ಉದ್ಯಾನದ ಯಾವ ಕಾಲುದಾರಿಯಲ್ಲೂ ಇಲ್ಲ. ಟೆಂಟ್ ಜಾಗ, ಡಾಂಬರು ರಸ್ತೆ, ಮಣ್ಣು ರಸ್ತೆ, ಇಷ್ಟೇ ಅವುಗಳ ಪಾಲು. ಹೋಗಿಬರಲು ಮೂರು ಮೈಲಿಯ ಆ ಹಾದಿಯನ್ನು ನಾನು ಒಮ್ಮೆ, ಯಜಮಾನರು ಒಮ್ಮೆ, ಸರದಿಯಲ್ಲಿ ನಡೆದೆವು. ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಒಟ್ಟಿಗೆ ನೋಡಬೇಕೆಂದು ಹೋದ ತಾಳೆಮರಗಳನ್ನು ಬೇರೆ ಬೇರೆಯಾಗಿ ನೋಡಿ ಬಂದೆವು. ಅವರು ತೆಗೆದ ಚಿತ್ರದಲ್ಲಿ ನಾನಿಲ್ಲ, ನಾನು ತೆಗೆದುದರಲ್ಲಿ ಅವರಿಲ್ಲ.

ಆಮೇಲೆ ನಾವು ನೆವಾಡಾದ ವ್ಯಾಲಿ ಆಫ್ ಫೈರ್ ಕಡೆಗೆ ತಿರುಗಿದೆವು. 1935ರಲ್ಲಿ ಉದ್ಘಾಟನೆಯಾದ ಹಳೆಯ ರಾಜ್ಯ ಉದ್ಯಾನ, ಕೆಂಪು ಬಂಡೆಗಳು. ಹಗ್ಗ ಹಿಡಿದಿದ್ದರೆ ನಾಯಿ ನಿಮ್ಮ ಜೊತೆಯೇ ಹಾದಿಯಲ್ಲಿ ನಡೆಯಬಹುದು. ಬೇಸಿಗೆಯಲ್ಲಿ ಕೆಲವು ಹಾದಿಗಳನ್ನು ಸೆಖೆಗೆ ಮುಚ್ಚುತ್ತಾರೆ, ಅದು ಬೇರೆ. ಡಿಸೆಂಬರ್‌ನಲ್ಲಿ ನಮ್ಮ ಹಸ್ಕಿಗಳು ಅಲ್ಲಿ ರಾಜರ ಹಾಗೆ ಇದ್ದವು. ಮೂರು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದೇವೆ.

ಟೂಸಾನ್ ವಾಸಿ
ಮುಳ್ಳು ಕಣ್ಣಿಗೆ ಕಾಣುತ್ತದೆ ತಾಯಿ. ಕಾಣದಿರುವುದರ ಬಗ್ಗೆ ನಾನು ಹೇಳುತ್ತೇನೆ. ವ್ಯಾಲಿ ಫೀವರ್. ಮರುಭೂಮಿಯ ಮಣ್ಣಿನಲ್ಲಿರುವ ಶಿಲೀಂಧ್ರ, ಧೂಳಿನ ಜೊತೆ ಮೂಗಿಗೆ ಹೋಗುತ್ತದೆ. ನಾಯಿ ಎಂದರೆ ಮೂಗು ನೆಲಕ್ಕಿಟ್ಟು ಅಗೆಯುವ ಪ್ರಾಣಿ. ಇಲ್ಲೇ ಅರಿಜೋನಾದಲ್ಲಿ, ಟೂಸಾನ್ ಪಕ್ಕದ ಕ್ಯಾಟಲೀನಾ ರಾಜ್ಯ ಉದ್ಯಾನದಲ್ಲಿ ಎರಡು ರಾತ್ರಿ ಇದ್ದೆವು. ನಮ್ಮ ಗುಂಡ ಒಂದು ಇಡೀ ಮಧ್ಯಾಹ್ನ ಇಲಿ ಬಿಲ ಅಗೆದ, ನಾವು ನಗುತ್ತಾ ವೀಡಿಯೊ ಮಾಡಿದೆವು. ಮೂರು ವಾರಕ್ಕೆ ಕೆಮ್ಮು, ಆಮೇಲೆ ಕುಂಟು. ಎರಡು ಸಲ ತೋರಿಸಿದಾಗಲೂ ಕಾಲು ಉಳುಕಿದೆ ಎಂದು ಕಳಿಸಿದರು: 260 ಡಾಲರ್. ಎಕ್ಸ್-ರೇ 390. ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ ನಾಲ್ಕು ಸಲ, ಸಲಕ್ಕೆ 130. ಶಿಲೀಂಧ್ರಕ್ಕೆ ಕೊಡುವ ಫ್ಲುಕೋನಜೋಲ್ ಮಾತ್ರೆ ಹನ್ನೊಂದು ತಿಂಗಳು, ತಿಂಗಳಿಗೆ 45. ಆ ಮಾತ್ರೆ ಯಕೃತ್ತಿಗೆ ಏನು ಮಾಡಿದೆ ಎಂದು ನೋಡಲು ಮೂರು ಪರೀಕ್ಷೆ, 330. ಕೂಡಿ ನೋಡಿ, 1,995. ಹನ್ನೊಂದು ತಿಂಗಳು ದಿನಕ್ಕೆರಡು ಬಾರಿ ಮಾತ್ರೆಯನ್ನು ಮೊಸರನ್ನದ ಉಂಡೆಯೊಳಗೆ ಅಡಗಿಸಿ ಕೊಟ್ಟಿದ್ದೇನೆ. ಕೊನೆ ಕೊನೆಗೆ ಅನ್ನ ತಿಂದು ಮಾತ್ರೆಯನ್ನು ಮಾತ್ರ ನೀಟಾಗಿ ತಟ್ಟೆಯ ಅಂಚಿಗೆ ಉಗುಳುವುದನ್ನು ಕಲಿತ.

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಟೂಸಾನಿನಲ್ಲಿ ಇರುವವರಿಗೆ ಅದು ಮನೆಯ ಹಿತ್ತಲಲ್ಲೇ ಬರುತ್ತದೆ. ಉದ್ಯಾನದ ಮೇಲೆ ಏಕೆ ಹಾಕುತ್ತೀರಿ? ಇನ್ನು ಹಸ್ಕಿಯವರೇ, ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ ಜೀವಕ್ಕೆ ಮರಳು ತೋರಿಸಿ ಅದನ್ನು ರಾಜ ಎನ್ನುತ್ತೀರಲ್ಲ!

ಎರಡು ಹಸ್ಕಿ, ಸ್ಯಾನ್ ಹೋಸೆ
ಈ ಮಾತು ಬರುತ್ತದೆಂದು ಕಾದಿದ್ದೆ. ಡಿಸೆಂಬರ್ ಎಂದು ಬರೆದಿದ್ದೇನೆ, ಕಣ್ಣು ಬಿಟ್ಟು ಓದಿ. ಮರುಭೂಮಿಯ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ನಿಮ್ಮ ಸಣ್ಣ ಕೂದಲಿನ ನಾಯಿ ನಿಮ್ಮ ಮಲಗುವ ಚೀಲದೊಳಗೆ ನುಗ್ಗಿರಬೇಕು, ನಮ್ಮವು ಕಾರಿನಲ್ಲಿ ಕಿಟಕಿಗೆ ಮೂಗು ಒತ್ತಿ ಆರಾಮವಾಗಿ ಮಲಗಿದ್ದವು. ಕೈಯಲ್ಲಿ ಹಗ್ಗವಿದ್ದೂ ನಾಯಿಯನ್ನು ಕಳ್ಳಿಗೆ ಬೀಳಿಸಿದವರು ನಮಗೆ ತಳಿಶಾಸ್ತ್ರ ಹೇಳುವುದು ಬೇಡ.

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಕೆಂಚ ಮೈಸೂರಿನ ಸರಸ್ವತಿಪುರಂ ಬೀದಿಯಲ್ಲಿ ಹುಟ್ಟಿದವನು. ಏಪ್ರಿಲ್ ಬಿಸಿಲಿನಲ್ಲಿ ಆಟೋ ಕೆಳಗೆ ಮಲಗಿ ಬೆಳೆದವನಿಗೆ ಸೆಖೆಯ ಪಾಠ ಬೇಕಿಲ್ಲ. ಅವನನ್ನು ಕರೆತರಲು ಏನೇನು ಪಾಡು ಪಟ್ಟಿದ್ದೇವೆ ಗೊತ್ತೆ? 2024ರ ಆಗಸ್ಟ್‌ನಲ್ಲಿ ಅಮೆರಿಕದ ಹೊಸ ನಿಯಮ ಬಂದ ಮೇಲೆ ತಂದದ್ದು. ಮೈಕ್ರೋಚಿಪ್, ರೇಬಿಸ್ ಲಸಿಕೆ, ಆ ಲಸಿಕೆ ಹಿಡಿದಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ, ಲಾಸ್ ಏಂಜಲೀಸ್‌ನಲ್ಲಿ ಇಳಿದ ಮೇಲೆ ನೋಂದಾಯಿತ ಕೇಂದ್ರದಲ್ಲಿ ತಪಾಸಣೆ, ಮತ್ತೊಂದು ಲಸಿಕೆ. ರಕ್ತಪರೀಕ್ಷೆಯ ಕಾಗದ ಇಲ್ಲದಿದ್ದರೆ 28 ದಿನ ಪ್ರತ್ಯೇಕವಾಸ, ಅದರ ಖರ್ಚೂ ನಮ್ಮದೇ. ದುಡ್ಡು ಕೊಟ್ಟು ಅಂಗಡಿಯಿಂದ ತಂದ ನಾಯಿಯಲ್ಲ.

ಬಾಗಲಕೋಟೆ ಹುಡುಗ, ಫೀನಿಕ್ಸ್
ಬಿಸಿಲು ತಡೆಯುವ ನಾಯಿ ಬೇಕಾದರೆ ಮುಧೋಳ. 2005ರಲ್ಲೇ ಅಂಚೆ ಚೀಟಿಯ ಮೇಲೆ ಬಂದಿದೆ. ಅಂದ ಹಾಗೆ ಇಲ್ಲಿ ಫೀನಿಕ್ಸ್ ನಗರದ ಬೆಟ್ಟದ ಹಾದಿಗಳಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಾಯಿಗೆ ಪ್ರವೇಶವಿಲ್ಲ. ತಳಿ ಯಾವುದು ಎಂದು ಯಾರೂ ಕೇಳುವುದಿಲ್ಲ.

ಎರಡು ಹಸ್ಕಿ, ಸ್ಯಾನ್ ಹೋಸೆ
ನಮ್ಮವು ಎರಡೂ ಯಾರೋ ಬಿಟ್ಟುಹೋದ ನಾಯಿಗಳ ಆಶ್ರಯದಿಂದ ಬಂದವು. ಅಂಗಡಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಹಳೆಯ ಟೆಂಟು, ರಿವರ್‌ಸೈಡ್
ಇಪ್ಪತ್ತೆರಡು ವರ್ಷದಿಂದ ಆಂಜಾ-ಬೊರೆಗೊಗೆ ಹೋಗುತ್ತಿದ್ದೇನೆ. ಒಂದು ಮಾತು ಯಾರಿಗೂ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ನಾಯಿಯನ್ನು ಮನೆಯಲ್ಲಿ ಬಿಡಿ. ಬೊರೆಗೊ ಎಂದರೆ ಸ್ಪ್ಯಾನಿಷ್‌ನಲ್ಲಿ ಕುರಿ. ಆರು ಲಕ್ಷ ಎಕರೆಗೂ ಮಿಕ್ಕ ಆ ಜಾಗಕ್ಕೆ ಹೆಸರು ಕೊಟ್ಟದ್ದೇ ಅಲ್ಲಿನ ದೊಡ್ಡ ಕೊಂಬಿನ ಕಾಡುಕುರಿ, 1998ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಪಾಮ್ ಕ್ಯಾನ್ಯನ್‌ನಲ್ಲಿ ನೀರಿಗೆ ಇಳಿಯುವುದು ಅವೇ. ನಿಮ್ಮ ಬೆಲ್ಲವೋ ಕೆಂಚನೋ ಅವುಗಳ ಕಣ್ಣಿಗೆ ತೋಳ. ಒಮ್ಮೆ ವಾಸನೆ ಹತ್ತಿದರೆ ಬಾಯಾರಿದರೂ ಕೆಳಗೆ ಬರುವುದಿಲ್ಲ. ಒಂದು ಬೆಳಿಗ್ಗೆ ಏಳು ಕುರಿಗಳು ಬಂಡೆಯ ಮೇಲೆ ಕಲ್ಲಿನಂತೆ ನಿಂತಿದ್ದವು. ಕೆಳಗೆ ಯಾರದೋ ನಾಯಿ ಹಗ್ಗ ಬಿಚ್ಚಿಸಿಕೊಂಡು ನೀರಿನಲ್ಲಿ ಹೊರಳುತ್ತಿತ್ತು. ನಲವತ್ತು ನಿಮಿಷ ನೋಡಿದೆ, ಅವು ಒಂದು ಹೆಜ್ಜೆಯೂ ಇಳಿಯಲಿಲ್ಲ.

ಟೂಸಾನ್ ವಾಸಿ
ಇದಕ್ಕೆ ಒಪ್ಪುತ್ತೇನೆ. ಕ್ಯಾಟಲೀನಾದ ಮೇಲಿನ ಪುಷ್ ರಿಜ್ ಭಾಗದಲ್ಲೂ ಇಂಥ ಕುರಿಗಳಿಗಾಗಿಯೇ ನಾಯಿಗೆ ನಿಷೇಧ. ಆದರೆ ‘ಮನೆಯಲ್ಲಿ ಬಿಡಿ’ ಎಂದರೆ ಯಾರ ಬಳಿ? ನಾಯಿ ವಸತಿಯಲ್ಲಿ ರಾತ್ರಿಗೆ 72 ಡಾಲರ್ ಕೊಟ್ಟು ಬಿಟ್ಟಿದ್ದೆವು, ನಾಲ್ಕನೆಯ ದಿನ ಕೆಮ್ಮು ಹಚ್ಚಿಸಿಕೊಂಡು ಬಂದ.

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಮೊದಲು ಉದ್ಯಾನದ ಮಣ್ಣಿನಿಂದ ಕೆಮ್ಮು, ಈಗ ವಸತಿಯಿಂದ ಕೆಮ್ಮು. ನಿಮ್ಮ ನಾಯಿ ಯಾವಾಗ ಕೆಮ್ಮುವುದಿಲ್ಲ?

ಹಳೆಯ ಟೆಂಟು, ರಿವರ್‌ಸೈಡ್
ನನ್ನ ನಷ್ಟದ ಲೆಕ್ಕವನ್ನೂ ಕೊಟ್ಟುಬಿಡುತ್ತೇನೆ. 2017ರ ಹೂವಿನ ವರ್ಷ. ಆಗ ನನಗೂ ನಾಯಿಯಿತ್ತು. ಕಾಲುದಾರಿಗೆ ಬಿಡುವುದಿಲ್ಲವಲ್ಲ, ಮಣ್ಣು ರಸ್ತೆಗಾದರೂ ಕರೆದೊಯ್ಯೋಣ ಎಂದು ಫಾಂಟ್ಸ್ ಪಾಯಿಂಟ್ ಕಡೆಗೆ ಮಾಮೂಲಿ ಕಾರನ್ನು ಇಳಿಸಿದೆ. ಅದು ರಸ್ತೆಯಲ್ಲ, ಬತ್ತಿದ ಹಳ್ಳ. ಎರಡನೆಯ ಮೈಲಿಯಲ್ಲಿ ಚಕ್ರ ಅಚ್ಚಿನವರೆಗೆ ಹೂತಿತು. ಎಳೆಯಲು ಬಂದವನು 850 ಡಾಲರ್ ಎಂದ, ನಗದು. ಅವನು ಬರುವವರೆಗೆ ಐದು ಗಂಟೆ. ತಂದಿದ್ದ ಎರಡು ಗ್ಯಾಲನ್ ನೀರಿನಲ್ಲಿ ಒಂದೂವರೆಯನ್ನು ನಾಯಿಯೇ ಕುಡಿಯಿತು. ಕಾರಿನ ನೆರಳು ತಿರುಗಿದಂತೆಲ್ಲ ನಾನೂ ಅದೂ ಸರಿದು ಸರಿದು ಕೂತೆವು. ಅದೇ ಕೊನೆ, ಆಮೇಲೆ ಅದನ್ನು ಕರೆದೊಯ್ಯಲಿಲ್ಲ. ಈಗ ಅದಿಲ್ಲ.

ಬೆಲ್ಲದ ಅಪ್ಪ, ಅರ್ವೈನ್
ಎಲ್ಲರಿಗೂ ವಂದನೆಗಳು. ಪಾಮ್ ಕ್ಯಾನ್ಯನ್ ಹಾದಿಯಲ್ಲಿ ಬಿಡುವುದಿಲ್ಲ ಎಂದು ತಿಳಿಯಿತು. ಟೆಂಟಿನ ಜಾಗದ ಬಗ್ಗೆ ಯಾರಾದರೂ ಹೇಳುವಿರಾ? ಮತ್ತೆ, ಅತ್ತೆಯವರು ದಾರಿಗೆ ಚಿತ್ರಾನ್ನ ಕಟ್ಟುತ್ತೇನೆ, ಬೆಲ್ಲನಿಗೂ ಸೇರಿಸಿ ಎನ್ನುತ್ತಿದ್ದಾರೆ.

ಎರಡು ಹಸ್ಕಿ, ಸ್ಯಾನ್ ಹೋಸೆ
ಚಿತ್ರಾನ್ನಕ್ಕೆ ಈರುಳ್ಳಿ ಹಾಕುತ್ತಾರೆಯೇ? ಹಾಕಿದರೆ ಖಂಡಿತ ಬೇಡ, ನಾಯಿಗೆ ವಿಷ.

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಈರುಳ್ಳಿ ಹಾಕಿದರೆ ಅದು ಚಿತ್ರಾನ್ನವೇ ಅಲ್ಲ.

ಬಾಗಲಕೋಟೆ ಹುಡುಗ, ಫೀನಿಕ್ಸ್
ಈರುಳ್ಳಿ ಇಲ್ಲದ ಚಿತ್ರಾನ್ನವನ್ನು ನಾಯಿಯೂ ಮೂಸುವುದಿಲ್ಲ.

ಹಳೆಯ ಟೆಂಟು, ರಿವರ್‌ಸೈಡ್
ಬೆಲ್ಲದ ಅಪ್ಪ, ಅತ್ತೆ-ಮಾವ ಇದ್ದಾರೆ ಎಂದಮೇಲೆ ಪಾಮ್ ಕ್ಯಾನ್ಯನ್ ಟೆಂಟ್ ಜಾಗವನ್ನೇ ಹಿಡಿಯಿರಿ, ಶೌಚಾಲಯ ಹತ್ತಿರ. ಹೂವಿನ ಕಾಲಕ್ಕೆ ಆರು ತಿಂಗಳ ಮುಂಚೆಯೇ ಕಾಯ್ದಿರಿಸುತ್ತಾರೆ, ಈಗ ಸಿಗುವುದು ಅನುಮಾನ. ಸಿಗದಿದ್ದರೆ ಅದೇ ಉದ್ಯಾನದ ಬ್ಲೇರ್ ವ್ಯಾಲಿ: ಹಣ ಕೊಡಬೇಕಿಲ್ಲ, ನೀರೂ ಇಲ್ಲ. ಎತ್ತರದ ಜಾಗ, ರಾತ್ರಿ ಚಳಿ ಜಾಸ್ತಿ, ಮಾವನವರಿಗೆ ಕಂಬಳಿ ಇರಲಿ. ನೆಲದ ಮೇಲೆ ಬೆಂಕಿ ಹಾಕಬಾರದು, ಕಬ್ಬಿಣದ ಬಾನಿ ಬೇಕು, ಬೂದಿಯನ್ನೂ ತುಂಬಿಕೊಂಡು ಬರಬೇಕು. ಕತ್ತಲಾದ ಮೇಲೆ ನಾಯಿ ಟೆಂಟಿನೊಳಗೆ ಅಥವಾ ಕಾರಿನೊಳಗೆ. ಹೊರಗೆ ಕಟ್ಟಿ ಮಲಗಬೇಡಿ, ಕಯೋಟಿ ಎಂಬ ನರಿಯಂಥ ಕಾಡುನಾಯಿಗಳಿವೆ. ಬಿಸಿಲಿನ ದಿನವಾದರೆ ಬುಡುಬುಡಿಕೆ ಹಾವುಗಳೂ (ರ್ಯಾಟಲ್‌ಸ್ನೇಕ್) ಹೊರಬಂದಿರುತ್ತವೆ.

ಟೂಸಾನ್ ವಾಸಿ
ಹಾವಿನ ವಿಷಕ್ಕೆ ಲಸಿಕೆ ಹಾಕಿಸಬಹುದಿತ್ತು. ಗುಂಡನಿಗೆ ಹಾಕಿಸಿದ್ದೇನೆ.

ಹಳೆಯ ಟೆಂಟು, ರಿವರ್‌ಸೈಡ್
ಹಾಕಿಸಿಕೊಂಡ ನಾಯಿಯನ್ನೂ ಕಚ್ಚಿದ ಕೂಡಲೇ ಆಸ್ಪತ್ರೆಗೆ ಒಯ್ಯಲೇಬೇಕು. ಆ ದುಡ್ಡಿಗೆ ಹಾವಿನ ವಾಸನೆಗೆ ಹಿಂದೆ ಸರಿಯುವ ತರಬೇತಿ ಕೊಡಿಸಿ.

ಟೂಸಾನ್ ವಾಸಿ
ನಾಯಿಯೇ ಇಲ್ಲದವರು ತರಬೇತಿಯ ಮಾತಾಡುತ್ತಿದ್ದಾರೆ.

ಎರಡು ಹಸ್ಕಿ, ಸ್ಯಾನ್ ಹೋಸೆ
ಟೂಸಾನಿನವರೇ, ಅದು ಆಡಬಾರದ ಮಾತು. ಕೆಂಚನ ಅಮ್ಮ, ನೀವು ಇನ್ನೂ ಅಂಗಡಿಯ ಮಾತಿಗೆ ಉತ್ತರ ಕೊಟ್ಟಿಲ್ಲ.

ಬೆಲ್ಲದ ಅಪ್ಪ, ಅರ್ವೈನ್
ಪಾಮ್ ಕ್ಯಾನ್ಯನ್‌ನಲ್ಲಿ ಯಾರೋ ರದ್ದು ಮಾಡಿದ್ದು ಒಂದು ಜಾಗ ಸಿಕ್ಕಿತು. ಅತ್ತೆ ಇದನ್ನೆಲ್ಲ ಓದಿಸಿಕೊಂಡು ತಮ್ಮ ಚೀಲಕ್ಕೆ ಎರಡು ಬಾಚಣಿಗೆ ಹಾಕಿಕೊಂಡಿದ್ದಾರೆ.

ಟೂಸಾನ್ ವಾಸಿ
ಹಲ್ಲು ಅಗಲವಾಗಿರುವ ಲೋಹದ್ದು ಇರಲಿ. ಪ್ಲಾಸ್ಟಿಕ್ ಮುರಿಯುತ್ತದೆ.

ಕೆಂಚನ ಅಮ್ಮ, ಸ್ಯಾನ್ ಡಿಯೇಗೋ
ಆ ಅಜ್ಜಿಯದು ಪ್ಲಾಸ್ಟಿಕ್ಕೇ ಆಗಿತ್ತು. ಮುರಿಯಲಿಲ್ಲ.