ಆಲ್ಟೆನ್‌ಬುರ್ಗ್‌ನ ಮಂತ್ರಿ ಗಾಬೆಲೆಂಟ್ಸ್ ಮತ್ತು ಕರ್ಮಣಿ ಪ್ರಯೋಗ

ಪ್ರಶ್ನೆ (ಕನ್ನಡ ಅಧ್ಯಾಪಕಿ, ತಿಪಟೂರು):
ಮಾನ್ಯರೇ, ಕರ್ಮಣಿ ಪ್ರಯೋಗದ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ‘ನಮ್ಮೂರಿನಲ್ಲಿ ಯಾರೂ ಹೀಗೆ ಮಾತನಾಡುವುದಿಲ್ಲವಲ್ಲ’ ಎಂದಳು. ಆ ಮಾತಿನ ಬೆನ್ನು ಹಿಡಿದು ಓದುವಾಗ, ಹಾನ್ಸ್ ಕೊನೊನ್ ಫಾನ್ ಡೆರ್ ಗಾಬೆಲೆಂಟ್ಸ್ ಎಂಬ ಜರ್ಮನ್ ಕುಲೀನರು 1860ರ ಸುಮಾರಿಗೆ ಹಲವಾರು ಭಾಷೆಗಳನ್ನು ಹೋಲಿಸಿ ಈ ಪ್ರಯೋಗವನ್ನು ಕುರಿತೇ ಬರೆದರೆಂದು ತಿಳಿಯಿತು. ಕಾನೂನು ಓದಿ ರಾಜ್ಯಾಡಳಿತದಲ್ಲಿದ್ದವರಿಗೆ ಇಷ್ಟು ಬಿಡುವು ಹೇಗೆ ಸಿಕ್ಕಿತು?

ಉತ್ತರ (ನಿವೃತ್ತ ಗ್ರಂಥಪಾಲಕ, ತುಮಕೂರು):
ಮೇಡಂ, ಅವರು 1807ರಲ್ಲಿ ಜರ್ಮನಿಯ ಪುಟ್ಟ ಸಂಸ್ಥಾನವೊಂದರ ರಾಜಧಾನಿಯಾದ ಆಲ್ಟೆನ್‌ಬುರ್ಗ್‌ನಲ್ಲಿ ಹುಟ್ಟಿದವರು. ಶಾಲೆಯಲ್ಲಿದ್ದಾಗಲೇ ಚೀನೀ ಭಾಷೆಗೆ ಕೈಹಾಕಿ, 1825ರಿಂದ 1828ರವರೆಗೆ ಲೈಪ್‌ಸಿಗ್ ಮತ್ತು ಗ್ಯೋಟಿಂಗೆನ್‌ನಲ್ಲಿ ಕಾನೂನು, ಆಡಳಿತಶಾಸ್ತ್ರಗಳ ಜೊತೆಗೆ ಪೌರಸ್ತ್ಯ ಭಾಷೆಗಳನ್ನೂ ಓದಿದರು. 1830ರಲ್ಲಿ ಆ ಸಂಸ್ಥಾನದ ಸೇವೆಗೆ ಸೇರಿದ ಎರಡೇ ವರ್ಷಕ್ಕೆ, ಈಶಾನ್ಯ ಚೀನಾದ ಮಂಚೂ ಭಾಷೆಗೆ ಅವರು ಬರೆದ ವ್ಯಾಕರಣ ಅಚ್ಚಾಯಿತು. ಮುಂದೆ ಲ್ಯೋಬೆ ಎಂಬ ವಿದ್ವಾಂಸರೊಡನೆ ಗೋಥಿಕ್ ಎಂಬ ಪ್ರಾಚೀನ ಜರ್ಮಾನಿಕ್ ಭಾಷೆಯ ಬೈಬಲ್ಲಿನ ಸಂಪಾದನೆಗೆ ಹತ್ತು ವರ್ಷ ದುಡಿದರು. 1848ರ ನವೆಂಬರಿನಲ್ಲಿ, ಆ ವರ್ಷ ಯುರೋಪಿನಲ್ಲಿ ಎದ್ದ ಕ್ರಾಂತಿಯ ಬಿಸಿ ಆರದಿರುವಾಗಲೇ, ಸಂಸ್ಥಾನದ ಪ್ರಧಾನಿಯಾಗಿ ಮರುವರ್ಷ ರಾಜೀನಾಮೆ ಕೊಟ್ಟರು. 1851ರಿಂದ 1868ರವರೆಗೆ ಶಾಸನಸಭೆಯ ಅಧ್ಯಕ್ಷತೆ ವಹಿಸಿದ್ದರು. ನೀವು ಹೇಳಿದ ಕೃತಿಯೂ, ಪೆಸಿಫಿಕ್ ಸಾಗರದ ಮೆಲನೇಷಿಯಾ ದ್ವೀಪಗಳ ಭಾಷೆಗಳ ಅಧ್ಯಯನದ ಮೊದಲ ಭಾಗವೂ ಈ ಅಧಿಕಾರದ ಅವಧಿಯಲ್ಲೇ ಬಂದವು. ಆದ್ದರಿಂದ ಬಿಡುವಿಗಾಗಿ ಅವರು ಕಾದವರೇ ಅಲ್ಲ.

ಉತ್ತರ (ಸಂಶೋಧನಾ ವಿದ್ಯಾರ್ಥಿ, ಮಧುಗಿರಿ):
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಆ ದ್ವೀಪಗಳಿಗೆ ಹೋಗದೆ, ಮಿಷನರಿಗಳು ಅಚ್ಚು ಹಾಕಿಸಿದ್ದ ಅನುವಾದಗಳನ್ನು ಸಾಲುಸಾಲಾಗಿ ಬಿಡಿಸಿ ಅವರು ವ್ಯಾಕರಣವನ್ನು ಕಟ್ಟಿದರು. ಅದು ಅಸಾಧಾರಣ ತಾಳ್ಮೆಯ ಕೆಲಸ. ಆದರೆ ಅಚ್ಚಾದ ಪುಟದಲ್ಲಿ ಆಡುಮಾತು ಪೂರ್ತಿಯಾಗಿ ಸಿಗುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು. ಕನ್ನಡದಲ್ಲೇ ನೋಡಿ: ಬರೆಯುವಾಗ ‘ಕೊಬ್ಬರಿಯು ಹರಾಜು ಮಾಡಲ್ಪಟ್ಟಿತು’ ಎಂದೇವು, ಆದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಕೇಳುವುದು ‘ಕೊಬ್ಬರಿ ಹರಾಜಾಯಿತು’ ಎಂದೇ. ‘ಪಡು’ ಸೇರದೆಯೂ ಕರ್ತೃ ಮರೆಯಾಗುತ್ತಾನೆ. ನಿಮ್ಮ ವಿದ್ಯಾರ್ಥಿನಿಯ ಕಿವಿ ಸರಿಯಾಗಿಯೇ ಇದೆ.

ಉತ್ತರ (ತುಮಕೂರು):
ಗಾಬೆಲೆಂಟ್ಸ್ ಅವರ ಮಗ ಗೇಯೋರ್ಗ್ ಅವರೂ ಕಾನೂನು ಓದಿ, ಸ್ಯಾಕ್ಸನಿ ಸರ್ಕಾರದ ಸೇವೆಯಲ್ಲಿದ್ದು, 1878ರಲ್ಲಿ ಲೈಪ್‌ಸಿಗ್‌ನಲ್ಲಿ ಪ್ರಾಧ್ಯಾಪಕರಾದರು. 1881ರಲ್ಲಿ ಚೀನೀ ವ್ಯಾಕರಣವನ್ನು ಪ್ರಕಟಿಸಿದರು. ತಂದೆ 1874ರಲ್ಲಿಯೇ ತೀರಿಕೊಂಡಿದ್ದರು. ಅದನ್ನು ಅವರು ಕಾಣಲಿಲ್ಲವೆಂಬ ನೋವು ನನಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹರಾಜಿನ ಉದಾಹರಣೆಯನ್ನು ನಾಳೆಯೇ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.