ಬೀಮ್‌ನ ಎರಡು ಕೇಬಲ್ ಡಕ್ಟ್‌ನಲ್ಲಿ ಎಲಾಂಗೇಶನ್ (ಎಳೆದಾಗ ಹಿಗ್ಗಿದ ಉದ್ದ) ಕಮ್ಮಿ ಬಂದಿದೆ, ನಾಳೆ ತುದಿ ಕತ್ತರಿಸ್ತೀವಿ ಅಂತಿದ್ದಾರೆ. ಏನು ಮಾಡಲಿ?

ಮಂಡ್ಯ ಸೈಟ್ ಹುಡುಗ:

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಆಯ್ತು. ಈಗ ಮಂಡ್ಯದಲ್ಲಿ ಒಂದು ಕಲ್ಯಾಣ ಮಂಟಪದ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಊಟದ ಹಾಲ್ ನಡುವೆ ಒಂದು ಕಂಬವೂ ಬರಬಾರದು ಅಂತ ಮಾಲೀಕರು ಮೊದಲ ದಿನವೇ ಹೇಳಿದ್ದರು. ಅದಕ್ಕೇ 18 ಮೀಟರ್ ಉದ್ದದ ಪಿಟಿ (ಪೋಸ್ಟ್ ಟೆನ್ಶನ್) ಬೀಮ್‌ಗಳು, ಅಂದರೆ ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿಯುವಂಥವು. ಎಂ 40 ಕಾಂಕ್ರೀಟ್. ಒಂದೊಂದು ಡಕ್ಟ್‌ನಲ್ಲಿ (ಕೇಬಲ್ ಹಾಯುವ ಕೊಳವೆ) 12.7 ಮಿ.ಮೀ. ದಪ್ಪದ 5 ಸ್ಟ್ರ್ಯಾಂಡ್, ಅಂದರೆ ಉಕ್ಕಿನ ತಂತಿ ಹೆಣೆದ ಎಳೆ. ಒಂದು ತುದಿ ಕಾಂಕ್ರೀಟ್ ಒಳಗೇ ಹೂತಿದೆ. ಇನ್ನೊಂದು ತುದಿಯಿಂದ ಮಾತ್ರ ಎಳೆಯುವುದು.

ನಿನ್ನೆ ಸ್ಟ್ರೆಸಿಂಗ್, ಅಂದರೆ ಜಾಕ್‌ನಿಂದ ಎಳೆಯುವ ಕೆಲಸ ಆಯ್ತು. ಕಾಂಕ್ರೀಟ್ ಬಲ ನೋಡುವ ಕ್ಯೂಬ್ ರಿಸಲ್ಟ್ ಸರಿಯಾಗಿಯೇ ಬಂದಿತ್ತು. ಪ್ರತಿ ಸ್ಟ್ರ್ಯಾಂಡ್ ಸುಮಾರು 14 ಟನ್‌ವರೆಗೆ ಎಳೆದರು. ಡ್ರಾಯಿಂಗ್ ಪ್ರಕಾರ ಸ್ಟ್ರ್ಯಾಂಡ್ 118 ಮಿ.ಮೀ. ಹಿಗ್ಗಬೇಕು. ಮೊದಲ ಮೂರು ಬೀಮ್‌ನಲ್ಲಿ 115, 117, 121 ಹೀಗೆ ಬಂತು. ನಾಲ್ಕನೇ ಬೀಮ್‌ನಲ್ಲಿ ಅಕ್ಕಪಕ್ಕದ ಎರಡು ಡಕ್ಟ್‌ನಲ್ಲಿ ಮಾತ್ರ 98ರಿಂದ 101. ಹತ್ತೂ ಸ್ಟ್ರ್ಯಾಂಡ್ ಹಾಗೇ. ಜಾಕ್ ಅದೇ, ಗೇಜ್ ಅದೇ, ಜನವೂ ಅದೇ. ಹೆಚ್ಚು ಕಮ್ಮಿ ಶೇ. 5ರೊಳಗೆ ಇರಬೇಕು ಅಂತ ಡ್ರಾಯಿಂಗ್‌ನಲ್ಲೇ ಬರೆದಿದೆ. ಇದು ಶೇ. 15 ಕಮ್ಮಿ.

ಪಿಟಿ ಕೆಲಸದವರ ಸೂಪರ್‌ವೈಸರ್, "ಗೇಜ್ 14 ತೋರಿಸಿದೆ ಅಲ್ವಾ, ಅಷ್ಟು ಸಾಕು. ನಾಳೆ ಹೊರಗೆ ಚಾಚಿದ ತುದಿ ಕತ್ತರಿಸಿ ನಾಡಿದ್ದು ಡಕ್ಟ್‌ಗೆ ಸಿಮೆಂಟ್ ಗ್ರೌಟ್ ತುಂಬಿ ಹೊರಡ್ತೀವಿ, ಜಾಕ್ ಬೇರೆ ಸೈಟ್‌ಗೆ ಹೋಗಬೇಕು" ಅಂತಿದ್ದಾರೆ. ಮಾಲೀಕರಾದ ಗೌಡ್ರು ಶ್ರಾವಣಕ್ಕೆ ಮೊದಲ ಮದುವೆ ಬುಕ್ ಮಾಡಿಕೊಂಡಿದ್ದಾರೆ. ನಾನು ತಡೆದರೆ ತಪ್ಪೆಲ್ಲ ನನ್ನ ಮೇಲೆ ಬರುತ್ತೆ. ತಡೆಯದಿದ್ದರೆ ಆ ಬೀಮ್ ಕೆಳಗೆ ಐನೂರು ಜನ ಊಟಕ್ಕೆ ಕೂರುತ್ತಾರೆ. ರಾತ್ರಿ ನಿದ್ದೆ ಬಂದಿಲ್ಲ. ತಿಳಿದವರು ಹೇಳಿ.

ಹೂಟಗಳ್ಳಿ ಹಳಬ:

ತಮ್ಮಾ, ಮೊದಲು ಆ ತುದಿ ಕತ್ತರಿಸುವ ಗ್ರೈಂಡರ್ ಎತ್ತಿ ಸ್ಟೋರ್‌ನಲ್ಲಿಟ್ಟು ಬೀಗ ಹಾಕು. ಉಳಿದದ್ದು ಆಮೇಲೆ.

ಮೈಸೂರು ಸುತ್ತ ಫ್ಯಾಕ್ಟರಿ, ಆಸ್ಪತ್ರೆ ಅಂತ 22 ವರ್ಷದಿಂದ ಇದೇ ಕೆಲಸ ಮಾಡಿದ್ದೇನೆ. ಆ ತುದಿ ಇರುವವರೆಗೆ ಮಾತ್ರ ಜಾಕ್‌ಗೆ ಹಿಡಿತ ಇರುತ್ತದೆ. ಕತ್ತರಿಸಿದ ಮೇಲೆ ಮತ್ತೆ ಎಳೆಯಲೂ ಆಗಲ್ಲ, ಸಡಿಲಿಸಲೂ ಆಗಲ್ಲ. ಕನ್ಸಲ್ಟೆಂಟ್ ರೀಡಿಂಗ್ ನೋಡಿ ಸಹಿ ಹಾಕುವವರೆಗೆ ಒಂದು ತುದಿಯನ್ನೂ ಯಾರೂ ಮುಟ್ಟಬಾರದು.

ಗೇಜ್ 14 ತೋರಿಸಿತು ಅನ್ನುವುದು ನಿನ್ನ ಕೈಯಲ್ಲಿರುವ ತುದಿಯ ಲೆಕ್ಕ. ಆ ಕಡೆ ತುದಿಗೆ ಎಷ್ಟು ತಲುಪಿದೆ ಅಂತ ಹೇಳುವುದು ಹಿಗ್ಗಿದ ಉದ್ದ ಮಾತ್ರ. ಅದಕ್ಕೇ ಎರಡನ್ನೂ ಬರೆದುಕೊಳ್ಳುವುದು. ಗೇಜ್ ಕೆಟ್ಟಿದ್ದರೆ ಎಲ್ಲಾ ಬೀಮ್‌ನಲ್ಲೂ ಕಮ್ಮಿ ಬರಬೇಕಿತ್ತು. ಸ್ಟ್ರ್ಯಾಂಡ್ ಕಚ್ಚಿ ಹಿಡಿಯುವ ವೆಡ್ಜ್ ಜಾರಿದ್ದರೆ ಒಂದೋ ಎರಡೋ ಸ್ಟ್ರ್ಯಾಂಡ್ ಜಾರುತ್ತಿತ್ತು. ಅಕ್ಕಪಕ್ಕದ ಎರಡು ಡಕ್ಟ್‌ನ ಹತ್ತೂ ಸ್ಟ್ರ್ಯಾಂಡ್ ಒಂದೇ ಅಳತೆಗೆ ನಿಂತಿವೆ ಅಂದರೆ ಡಕ್ಟ್ ಒಳಗೆ ಸಿಮೆಂಟ್ ಹಾಲು ಹೋಗಿ ಗಟ್ಟಿಯಾಗಿದೆ ಅಂತ ನನ್ನ ಅನುಮಾನ.

ಒಂದು ಸಣ್ಣ ಲೆಕ್ಕ ಮಾಡು. 18 ಮೀಟರ್‌ಗೆ 118 ಅಂದರೆ ಮೀಟರ್‌ಗೆ ಸುಮಾರು ಆರೂವರೆ ಮಿ.ಮೀ. ನಿನಗೆ ಬಂದಿರುವುದು 100. ಅಂದರೆ 15 ಮೀಟರ್ ಮಾತ್ರ ಹಿಗ್ಗಿದೆ. ಹೂತ ತುದಿಯಿಂದ ಈಚೆಗೆ ಸುಮಾರು 3 ಮೀಟರ್ ಅಲುಗಾಡಿಯೇ ಇಲ್ಲ. ಮೋಲ್ಡ್ ಹಾಕಿದ ದಿನ ಆ ಜಾಗದಲ್ಲಿ ಏನಾಯ್ತು ಅಂತ ನೆನಪು ಮಾಡಿಕೋ.

ಇನ್ನೆರಡು ವಿಷಯ ತಿಳಿಸು. ಮೊದಲು ಸ್ವಲ್ಪ ಎಳೆದು ಸಡಿಲ ತೆಗೆದು, ಆಮೇಲೆ ಪೇಂಟ್ ಗುರುತು ಹಾಕಿದ್ರಾ? ಎಳೆಯುವ ಬದಿಯ ವೆಂಟ್‌ನಿಂದ (ಡಕ್ಟ್‌ಗೆ ಕೂರಿಸಿದ ಸಣ್ಣ ಪೈಪ್) ನೀರು ಬಿಟ್ಟರೆ ಆ ಕಡೆ ವೆಂಟ್‌ನಲ್ಲಿ ಬರುತ್ತಾ? ಮತ್ತೆ ಎಳೆಯುವುದಾದರೆ ಜಾಕ್ ಹಿಂದೆ ಒಬ್ಬರೂ ನಿಲ್ಲಬಾರದು. 14 ಟನ್ ಎಳೆತದಲ್ಲಿ ಸ್ಟ್ರ್ಯಾಂಡ್ ಬಿಟ್ಟುಕೊಂಡರೆ ಕಣ್ಣಿಗೆ ಕಾಣುವ ಮೊದಲೇ ಬಡಿದಿರುತ್ತದೆ.

ಮದ್ದೂರು ರೈತ:

ನಾನು ಇಂಜಿನಿಯರ್ ಅಲ್ಲ. ಗೌಡ್ರಿಗೆ ಹೇಗೆ ಹೇಳಬೇಕು ಅನ್ನುವುದಕ್ಕೆ ಮಾತ್ರ ಬರೆಯುತ್ತಿದ್ದೇನೆ.

ನಮ್ಮ ತಂದೆ ಕಾಲದಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹೊಡೆಸುವುದನ್ನು ನೋಡಿದ್ದೇನೆ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ಹಾಕಿ, ನೀರು ಸುರಿಯುತ್ತಿದ್ದರು. ತಣ್ಣಗಾಗುತ್ತಾ ಪಟ್ಟಿ ಬಿಗಿದುಕೊಳ್ಳುತ್ತೆ, ಮರದ ತುಂಡುಗಳನ್ನೆಲ್ಲಾ ಒತ್ತಿ ಹಿಡಿಯುತ್ತೆ. ಕೇಬಲ್ ಕಾಂಕ್ರೀಟನ್ನು ಒತ್ತಿ ಹಿಡಿಯುವುದೂ ಹಾಗೇ ಅಂತ ನನಗೊಬ್ಬ ಇಂಜಿನಿಯರ್ ಹೇಳಿದ್ದರು. ಪಟ್ಟಿ ಒಂದು ಕಡೆ ಸಡಿಲ ಇದ್ದರೆ ಆ ಗಾಡಿಗೆ ಕಬ್ಬು ಹೇರಿ ಫ್ಯಾಕ್ಟರಿಗೆ ಕಳಿಸ್ತೀರಾ ಅಂತ ಗೌಡ್ರನ್ನೇ ಕೇಳಿ. ಮಂಡ್ಯದವರಿಗೆ ಇದಕ್ಕಿಂತ ಬೇರೆ ಮಾತು ಬೇಕಾಗಿಲ್ಲ.

ಮಂಡ್ಯ ಸೈಟ್ ಹುಡುಗ:

ಅಣ್ಣ, ಗ್ರೈಂಡರ್ ನನ್ನ ಬೈಕ್ ಡಿಕ್ಕಿಯಲ್ಲೇ ಇದೆ. ಗುರುತು ಸರಿಯಾಗೇ ಹಾಕಿದ್ದೆವು. ನೀರು ಬಿಟ್ಟು ನೋಡಿದೆ. ಬೇರೆ ಎಲ್ಲಾ ಡಕ್ಟ್‌ನಲ್ಲೂ ಆ ಕಡೆ ನೀರು ಬಂತು. ಈ ಎರಡರಲ್ಲಿ ಒಂದು ಹನಿಯೂ ಬರಲಿಲ್ಲ.

ಕೂತು ನೆನಪು ಮಾಡಿಕೊಂಡೆ. ಆ ಸಂಜೆ ಮಳೆ ಶುರುವಾಗಿತ್ತು. ಆ ಮೂಲೆ ಮುಗಿಸುವ ಅವಸರದಲ್ಲಿ ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ನೀಡಲ್ ಅನ್ನು ಡಕ್ಟ್ ಜಾಯಿಂಟ್ ಪಕ್ಕದಲ್ಲೇ ಇಳಿಸಿದ್ದರು. ಜಾಯಿಂಟ್‌ಗೆ ಸುತ್ತಿದ ಟೇಪ್ ಅಲ್ಲಿ ಬಿಟ್ಟಿರಬೇಕು. ನಾನು ಅಲ್ಲೇ ಕೊಡೆ ಹಿಡಿದು ನಿಂತಿದ್ದೆ. ನಿಲ್ಲಿಸಿ ಅಂತ ಹೇಳಬೇಕಿತ್ತು, ಹೇಳಲಿಲ್ಲ.

ಗೌಡ್ರಿಗೆ ಗಾಡಿ ಚಕ್ರದ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ಸಲ್ಟೆಂಟ್‌ಗೆ ಅವರೇ ಫೋನ್ ಮಾಡಿದರು. ನಾಳೆ ಮೈಸೂರಿಂದ ಬರುತ್ತಾರಂತೆ.

ಹೂಟಗಳ್ಳಿ ಹಳಬ:

ಒಳ್ಳೆಯದಾಯ್ತು. ಬೀಮ್ ಕೆಳಗೆ ಆಸರೆಗೆ ಕೊಟ್ಟಿರುವ ಜಾಕಿಗಳನ್ನು ಬಿಚ್ಚಲು ಬಿಡಬೇಡ. ಹಾಗಂತ ಗ್ರೌಟಿಂಗ್ ತಿಂಗಳುಗಟ್ಟಲೆ ಮುಂದೆ ಹಾಕಲೂಬೇಡ. ಎಳೆದ ಮೇಲೆ ಎರಡು ವಾರದೊಳಗೆ ಮುಗಿಸಬೇಕು. ಬಿಗಿದ ಸ್ಟ್ರ್ಯಾಂಡ್‌ಗೆ ತೇವ ತಾಗುತ್ತಾ ಇದ್ದರೆ ಸುಮ್ನೆ ಬಿದ್ದಿರುವ ಕಂಬಿಗಿಂತ ಜಾಸ್ತಿ ಅಪಾಯ.

1985ರಲ್ಲಿ ವೇಲ್ಸ್‌ನ ಇನಿಸ್-ಇ-ಗ್ವಾಸ್ ಸೇತುವೆ ಯಾವ ಸೂಚನೆಯೂ ಇಲ್ಲದೆ ಕುಸಿಯಿತು. ಒಳಗೆ ಕೇಬಲ್ ತುಕ್ಕು ಹಿಡಿದಿತ್ತು. ಅಂಥದ್ದೇ ತೊಂದರೆ ಬೇರೆ ಕಡೆಯೂ ಕಂಡ ಮೇಲೆ, ಗ್ರೌಟ್ ಮಾಡುವ ಪಿಟಿಯ ಹೊಸ ಸೇತುವೆ ಬೇಡ ಅಂತ ಬ್ರಿಟನ್‌ನಲ್ಲಿ 1992ರಿಂದ 1996ರವರೆಗೆ ತಡೆದಿದ್ದರು. ನಮ್ಮ ಪಕ್ಕದಲ್ಲೇ, ಮಹದಾಯಿ ಗೋವಾಕ್ಕೆ ಹೋಗಿ ಮಾಂಡೋವಿ ಆಗ್ತಾಳಲ್ಲ, ಅವಳ ಮೇಲಿನ ಪಣಜಿ ಸೇತುವೆ 1986ರ ಜುಲೈ 5ರಂದು ಬಿತ್ತು. ಬಳಕೆಗೆ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಲ್ಲೂ ಕೇಬಲ್ ತುಕ್ಕೇ. ಮೊನ್ನೆ ಮೊನ್ನೆ, 2024ರ ಸೆಪ್ಟೆಂಬರ್ 11ರಂದು, ಜರ್ಮನಿಯ ಡ್ರೆಸ್ಡನ್‌ನಲ್ಲಿ ಕರೋಲಾ ಸೇತುವೆಯ ಒಂದು ಭಾಗ ನಡುರಾತ್ರಿ ಕಳೆದ ಮೇಲೆ ನದಿಗೆ ಬಿತ್ತು. ಅದರ ಮೇಲೆ ಟ್ರಾಮ್ ದಾಟಿ ಸ್ವಲ್ಪವೇ ಹೊತ್ತಾಗಿತ್ತು. ಕಟ್ಟುವಾಗಲೇ ಕೇಬಲ್‌ಗೆ ತೇವ ತಾಗಿ ಬಿರುಕು ಶುರುವಾಗಿತ್ತು ಅಂತ ತನಿಖೆ ಮಾಡಿದ ತಜ್ಞರು ಹೇಳಿದರು. ಕಟ್ಟಿದ್ದು 1971ರ ಹೊತ್ತಿಗೆ, ಬಿದ್ದದ್ದು ಐವತ್ತು ವರ್ಷ ದಾಟಿದ ಮೇಲೆ. ನಿನ್ನ ಮಂಟಪದಲ್ಲಿ ನಾಳೆ ಮದುವೆ ಆಗುವವರ ಮೊಮ್ಮಕ್ಕಳ ಕಾಲ ಅದು.

ಗ್ರೌಟ್ ದಿನ ನೀರಿನ ಅಳತೆಗೆ ನೀನೇ ನಿಲ್ಲು. 50 ಕೆ.ಜಿ. ಮೂಟೆಗೆ 20 ಲೀಟರ್ ಸುತ್ತ ನೀರು, ಜೊತೆಗೆ ಗ್ರೌಟ್‌ಗೆ ಅಂತಲೇ ಬರುವ ಅಡ್ಮಿಕ್ಸ್ಚರ್. ಪಂಪ್ ತಳ್ಳುತ್ತಿಲ್ಲ ಅಂತ ಯಾರಾದರೂ ಬಕೆಟ್ ನೀರು ಸುರಿದರೆ, ಆ ನೀರು ಮೇಲೆದ್ದು ಡಕ್ಟ್‌ನ ಎತ್ತರದ ಜಾಗದಲ್ಲಿ ಟೊಳ್ಳು ಬಿಡುತ್ತೆ.

ಮಂಡ್ಯ ಸೈಟ್ ಹುಡುಗ:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕನ್ಸಲ್ಟೆಂಟ್ ಎದುರಿಗೇ ಮತ್ತೆ ಎರಡು ಸಲ ಎಳೆದೆವು. 100 ಇದ್ದದ್ದು 103 ಆಯ್ತು, ಅಷ್ಟೇ. ಅದಕ್ಕಿಂತ ಜಾಸ್ತಿ ಎಳೆಯಲು ಅವರು ಬಿಡಲಿಲ್ಲ. ಆ 3 ಮೀಟರ್‌ನಲ್ಲಿ ಕೇಬಲ್ ಬಲ ಇಲ್ಲ ಅಂತಲೇ ಇಟ್ಟುಕೊಂಡು ಬೀಮ್ ಲೆಕ್ಕವನ್ನು ಮತ್ತೆ ಮಾಡಿದರು. ಕಂಬದ ಹತ್ತಿರದ ಜಾಗ ಆದ್ದರಿಂದ ಬಾಗುವ ಲೆಕ್ಕದಲ್ಲಿ ತೊಂದರೆ ಇಲ್ಲವಂತೆ. ಶಿಯರ್‌ಗೆ (ಬೀಮನ್ನು ಅಡ್ಡಲಾಗಿ ಕತ್ತರಿಸುವ ಬಲ) ಅಲ್ಲಿರುವ ಕಂಬಿ ರಿಂಗ್‌ಗಳು ಸಾಕಾಗುತ್ತವೆ ಅಂತ ಲೆಕ್ಕ ತೋರಿಸಿ ಬರೆದುಕೊಟ್ಟರು.

ಆಮೇಲೆ ಅವರು ಗುರುತು ಹಾಕಿದ ಜಾಗದಲ್ಲಿ ಡ್ರಿಲ್ ಮುಟ್ಟದೆ, ಕೈಯಲ್ಲೇ ಉಳಿ ಹಿಡಿದು ಡಕ್ಟ್‌ವರೆಗೆ ಬಿಡಿಸಿದೆವು. ಅಣ್ಣ ಹೇಳಿದ ಹಾಗೇ ಒಳಗೆ ಸಿಮೆಂಟ್ ಹಾಲು ಕಲ್ಲಾಗಿತ್ತು. ಅದರ ಎರಡೂ ಬದಿಗೆ ಹೊಸ ವೆಂಟ್ ಕೂರಿಸಿ, ಎರಡು ಕಡೆಯಿಂದಲೂ ಗ್ರೌಟ್ ತುಂಬಿದೆವು. ನೀರಿನ ಕ್ಯಾನ್ ನನ್ನ ಕೈಯಲ್ಲೇ ಇತ್ತು. ಪ್ರತಿ ವೆಂಟ್‌ನಲ್ಲೂ ಪಂಪ್‌ನಲ್ಲಿದ್ದಷ್ಟೇ ಗಟ್ಟಿ ಗ್ರೌಟ್ ಬರುವವರೆಗೆ ಮುಚ್ಚಲು ಬಿಡಲಿಲ್ಲ.

ಗ್ರೌಟ್‌ಗೆ ಮೊದಲೇ ಕನ್ಸಲ್ಟೆಂಟ್ ಸಹಿ ಆಯ್ತು, ಗ್ರೈಂಡರ್ ನಾನೇ ತೆಗೆದುಕೊಟ್ಟೆ. ಶ್ರಾವಣದ ಮೊದಲ ಮದುವೆಯನ್ನು ಗೌಡ್ರು ಬೇರೆ ಮಂಟಪಕ್ಕೆ ಮಾಡಿಕೊಟ್ಟಿದ್ದಾರೆ. ಮುಂದಿನ ಹಾಲ್‌ನ ಮೋಲ್ಡ್ ಹನ್ನೆರಡನೇ ತಾರೀಕು. ಅಣ್ಣ, ಮೋಲ್ಡ್‌ಗೆ ಮುಂಚೆ ಡಕ್ಟ್ ಜಾಯಿಂಟ್ ಹೇಗೆ ಪರೀಕ್ಷೆ ಮಾಡುತ್ತೀರಿ? ಗಾಳಿ ಬಿಟ್ಟು ನೋಡಿದರೆ ಸಾಕಾ?

ಹೂಟಗಳ್ಳಿ ಹಳಬ:

ಗಾಳಿ ಬಿಡು, ಒಂದೊಂದು ಜಾಯಿಂಟ್‌ಗೂ ಕೈ ಹಾಕಿ ಅಲುಗಿಸಿಯೂ ನೋಡು. ಜಾಯಿಂಟ್ ಇರುವ ಕಡೆ ಸೆಂಟ್ರಿಂಗ್ ಪಕ್ಕೆಗೆ ಕೆಂಪು ಪೇಂಟ್ ಬಳಿದಿಡು, ನೀಡಲ್ ಹಿಡಿದ ಹುಡುಗನಿಗೆ ಕಾಣಬೇಕು. ಹನ್ನೆರಡಕ್ಕೆ ನಾನೂ ಬರ್ತೀನಿ. ಬೆಳಗ್ಗೆ ಆರಕ್ಕೆ ಮೈಸೂರು ಬಿಟ್ಟರೆ ಲಾರಿ ಬರುವ ಮೊದಲೇ ಅಲ್ಲಿರುತ್ತೇನೆ.