ಪದಚರ್ಚೆ: ‘ಔಷಧಿ ವಿತರಣೆ’ ಅಂದರೆ ಹಂಚುವುದೋ, ಮಾರುವುದೋ, ಚೀಟಿ ನೋಡಿ ಕೊಡುವುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಹಾವೇರಿ ಕಡೆಯವನು, ವೃತ್ತಿಯಿಂದ ಫಾರ್ಮಸಿಸ್ಟ್. ಡಿ.ಫಾರ್ಮ್ ಓದುವ ಮಕ್ಕಳಿಗೆ ಮತ್ತು ಹೊಸದಾಗಿ ಔಷಧಿ ಅಂಗಡಿ ಇಡುವವರಿಗೆ ಆಗಲಿ ಎಂದು ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಸಾಂಕ್ರಾಮಿಕ ರೋಗ ಹಬ್ಬಿದಾಗ ಔಷಧಿ ಕೊಡುವವರಿಗೆ ಕಾನೂನು ಎಲ್ಲಿ ಸಡಿಲ ಬಿಡುತ್ತದೆ, ಎಲ್ಲಿ ಇನ್ನಷ್ಟು ಬಿಗಿ ಮಾಡುತ್ತದೆ ಎಂಬುದು ಅದರ ವಿಷಯ. ಬರೆಯಲು ಕೂತ ಮೇಲೆ ‘ವಿತರಣೆ’ ಎಂಬ ಪದ ಮುಂದೆ ಹೋಗಲು ಬಿಡುತ್ತಿಲ್ಲ.

ಕೋವಿಡ್ ಕಾಲದ ಪ್ರಕಟಣೆ, ಸುದ್ದಿ ಯಾವುದನ್ನೇ ತೆಗೆದರೂ ಔಷಧಿಯ ಎಲ್ಲ ಕೆಲಸಕ್ಕೂ ಇದೊಂದೇ ಮಾತು. ಸಗಟು ವ್ಯಾಪಾರಿ ಅಂಗಡಿಗೆ ಮಾಲು ಕಳಿಸಿದರೆ ವಿತರಣೆ. ಸಂಘದವರು ಬೀದಿಯಲ್ಲಿ ನಿಂತು ಕಿಟ್ ಕೊಟ್ಟರೆ ವಿತರಣೆ. ಹುಡುಗನೊಬ್ಬ ಬೈಕಿನಲ್ಲಿ ಮನೆಬಾಗಿಲಿಗೆ ಮಾತ್ರೆ ಮುಟ್ಟಿಸಿದರೆ ಅದೂ ವಿತರಣೆ. ಕೌಂಟರಿನ ಹಿಂದೆ ನಿಂತು ನಾನು ಡಾಕ್ಟರ ಚೀಟಿ ಓದಿ, ಡೋಸ್ ಸರಿಯಿದೆಯೇ ನೋಡಿ, ಬೇರೆ ಮಾತ್ರೆಯೊಂದಿಗೆ ಆಗಿಬರುತ್ತದೆಯೇ ವಿಚಾರಿಸಿ, ಕಾಗದದ ಕವರಿನ ಮೇಲೆ 1-0-1 ಎಂದು ಬರೆದು, ಊಟದ ಮೊದಲೋ ಆಮೇಲೋ ಎಂದು ಹೇಳಿ ಕೊಟ್ಟರೂ ವಿತರಣೆಯೇ. ಈ ಕೊನೆಯ ಕೆಲಸಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಡಿಸ್ಪೆನ್ಸಿಂಗ್ ಎಂಬ ಬೇರೆಯದೇ ಪದವಿದೆ. ಕನ್ನಡದಲ್ಲಿ ಅದಕ್ಕೆ ಏನನ್ನಬೇಕು ಎಂಬುದು ನನ್ನ ಪ್ರಶ್ನೆ.

ಪದ ಬೇರೆ ಯಾಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 18(ಸಿ) ಸೆಕ್ಷನ್ ಲೈಸೆನ್ಸ್ ಇಲ್ಲದೆ ಔಷಧಿ ಮಾರುವುದನ್ನು, ಮಾರಲೆಂದು ದಾಸ್ತಾನು ಇಡುವುದನ್ನು, ಹಂಚುವುದನ್ನು ತಡೆಯುತ್ತದೆ. ಡಿಸ್ಪೆನ್ಸ್ ಎಂಬ ಮಾತು ಬರುವುದು 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿ. ವೈದ್ಯರ ಚೀಟಿಯ ಮೇಲೆ ಔಷಧಿಯನ್ನು ಬೆರೆಸುವುದು, ಸಿದ್ಧಮಾಡುವುದು, ಡಿಸ್ಪೆನ್ಸ್ ಮಾಡುವುದು ನೋಂದಾಯಿತ ಫಾರ್ಮಸಿಸ್ಟ್ ಒಬ್ಬರಿಗೇ ಬಿಟ್ಟ ಕೆಲಸ. ವೈದ್ಯರು ತಮ್ಮದೇ ರೋಗಿಗಳಿಗೆ ಕೊಡುವುದಕ್ಕೆ ಮಾತ್ರ ವಿನಾಯಿತಿ. ಒಂದು ಲೈಸೆನ್ಸಿನ ವಿಚಾರ, ಇನ್ನೊಂದು ಕೊಡುವ ಮನುಷ್ಯನ ಅರ್ಹತೆಯ ವಿಚಾರ. ಎರಡನ್ನೂ ‘ವಿತರಣೆ’ ಎಂದು ಬರೆದರೆ ಯಾವುದಕ್ಕೆ ಅನುಮತಿ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದು ಓದುವವನಿಗೆ ತಿಳಿಯುವುದೇ ಇಲ್ಲ.

26 ಮಾರ್ಚ್ 2020ರ ಕೇಂದ್ರ ಅಧಿಸೂಚನೆಯನ್ನೇ ನೋಡಿ. ಲಾಕ್‌ಡೌನ್ ಶುರುವಾಗಿತ್ತು, ಬಿಪಿ, ಶುಗರ್ ಇರುವ ವಯಸ್ಸಾದವರು ಮನೆಬಿಟ್ಟು ಬರುವಂತಿರಲಿಲ್ಲ. ಆಗ ಲೈಸೆನ್ಸ್ ಇರುವ ಚಿಲ್ಲರೆ ಅಂಗಡಿಗಳು ಔಷಧಿಯನ್ನು ಮನೆಬಾಗಿಲಿಗೆ ಕಳಿಸಬಹುದು ಎಂದಾಯಿತು. ಆದರೆ ಷರತ್ತುಗಳಿದ್ದವು. ಶೆಡ್ಯೂಲ್ ಎಚ್, ಅಂದರೆ ಚೀಟಿ ಇಲ್ಲದೆ ಮಾರಬಾರದವುಗಳ ಪಟ್ಟಿಯಲ್ಲಿರುವ ಔಷಧಿಗೆ ಚೀಟಿ ಬೇಕೇ ಬೇಕು, ಅದು ಇಮೇಲಿನಲ್ಲಿ ಬಂದರೂ ನಡೆದೀತು. ಮನೆ ಅದೇ ಕಂದಾಯ ಜಿಲ್ಲೆಯೊಳಗಿರಬೇಕು. ದೀರ್ಘಕಾಲದ ಕಾಯಿಲೆಯಾದರೆ ಚೀಟಿ ಬರೆದ 30 ದಿನದೊಳಗೆ ಅಂಗಡಿಗೆ ಮುಟ್ಟಿರಬೇಕು. ಇನ್ನೂ ಬಿಗಿಯಾದ ಪಟ್ಟಿಗಳಾದ ಶೆಡ್ಯೂಲ್ ಎಚ್1, ಎಕ್ಸ್ ಮತ್ತು ಮಾದಕ, ಮನೋಉದ್ದೀಪಕ ಔಷಧಿಗಳಿಗೆ ಈ ಅನುಕೂಲವೇ ಇಲ್ಲ. ಇಲ್ಲಿ ಸಡಿಲವಾದದ್ದು ಔಷಧಿ ಎಲ್ಲಿ ಕೈಸೇರುತ್ತದೆ ಎಂಬುದು. ಚೀಟಿ ಓದುವವರು ಯಾರು ಎಂಬುದು ಒಂದಿಷ್ಟೂ ಬದಲಾಗಲಿಲ್ಲ. ಇದನ್ನು ‘ಮನೆಬಾಗಿಲಿಗೆ ಔಷಧಿ ವಿತರಣೆಗೆ ಅವಕಾಶ’ ಎಂದು ಬರೆದರೆ, ಬೈಕಿನ ಹುಡುಗನೇ ಚೀಟಿ ನೋಡಿ ಮಾತ್ರೆ ಆರಿಸಿ ಕೊಡಬಹುದು ಎಂದು ಯಾರಾದರೂ ತಿಳಿದರೆ ಅವರದೇನು ತಪ್ಪು?

ಅದೇ ದಿನ ಹೊರಟ ಇನ್ನೊಂದು ಅಧಿಸೂಚನೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾರಾಟಕ್ಕೆ ಎಚ್1 ಷರತ್ತುಗಳನ್ನು ಹಾಕಿತು. ಅಂದರೆ ಬೇರೆಯೇ ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಎಲ್ಲ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಕೋವಿಡ್ಡಿಗೆ ಆಗುತ್ತದಂತೆ ಎಂಬ ಸುದ್ದಿಗೆ ಜನ ಮುಗಿಬಿದ್ದು, ಸಂಧಿವಾತಕ್ಕೂ ಲೂಪಸ್ಸಿಗೂ ದಿನಾ ಅದನ್ನೇ ನುಂಗುವವರಿಗೆ ಸಿಗದಂತಾಗುವ ಭಯವಿತ್ತು. ಎರಡೂ ಅಧಿಸೂಚನೆ ಬಂದದ್ದು 1940ರ ಕಾಯ್ದೆಯ 26ಬಿ ಸೆಕ್ಷನ್ನಿನ ಬಲದಿಂದ. 2008ರ ತಿದ್ದುಪಡಿಯಲ್ಲಿ ಸೇರಿದ ಈ ಸೆಕ್ಷನ್, ಸಾಂಕ್ರಾಮಿಕ ಅಥವಾ ನೈಸರ್ಗಿಕ ವಿಕೋಪದ ತುರ್ತಿಗೆ ಬೇಕಾದ ಔಷಧಿಯ ತಯಾರಿಕೆ, ಮಾರಾಟ, ಹಂಚಿಕೆಯನ್ನು ನಿಯಂತ್ರಿಸುವ ಇಲ್ಲವೇ ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಹಾಗಾಗಿ ತುರ್ತು ಕಾಲದ ಕ್ರಮವನ್ನೆಲ್ಲ ‘ಸಡಿಲಿಕೆ’ ಎಂದು ಕರೆಯುವ ರೂಢಿಯನ್ನೂ ನಾನು ಹೊತ್ತಗೆಯಲ್ಲಿ ಬಿಟ್ಟಿದ್ದೇನೆ.

ಇನ್ನು ಆರೋಗ್ಯ ಕಾರ್ಯಕರ್ತೆಯರು ಕೊಡುವ ಮಾತ್ರೆ. ಔಷಧ ನಿಯಮಗಳ ಶೆಡ್ಯೂಲ್ ಕೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಯಕರ್ತರು, ನರ್ಸುಗಳು, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಆರೋಗ್ಯ ಕಾರ್ಯಕ್ರಮದಡಿ ಕೊಡುವ ಔಷಧಿಗೆ ಮಾರಾಟ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿದೆ. ಅಲ್ಲಿ ಬಳಸಿರುವ ಕ್ರಿಯಾಪದ ಸಪ್ಲೈ. ಒಳ್ಳೆಯ ಮನಸ್ಸಿನಿಂದ ಔಷಧಿ ಕೊಂಡು ಹಂಚುವ ಸಂಘಸಂಸ್ಥೆಗಳ ಹೆಸರು ಈ ಸಾಲಿನಲ್ಲಿಲ್ಲ. ಪುಕ್ಕಟೆ ಕೊಟ್ಟರೆ ಮಾರಾಟವಲ್ಲ, ಆದ್ದರಿಂದ ಲೈಸೆನ್ಸ್ ಬೇಡ ಎಂದು ನಂಬಿದವರು 2021ರ ಎರಡನೇ ಅಲೆಯಲ್ಲಿ ಬಹಳ ಜನ ಇದ್ದರು. 18(ಸಿ) ಹಂಚುವುದನ್ನೂ ಹೆಸರಿಸಿಯೇ ಹೇಳುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ‘ಹಂಚಿಕೆ’ ಎಂಬ ಅಚ್ಚಗನ್ನಡ ಪದ ನೇರವಾಗಿ ಕೆಲಸ ಮಾಡುತ್ತದೆ, ಅದನ್ನು ಇಟ್ಟುಕೊಳ್ಳೋಣ ಎಂಬುದು ನನ್ನ ಅಭಿಪ್ರಾಯ.

‘ಬದಲಿ’ ಎಂಬುದೂ ನನ್ನನ್ನು ಕಾಡುತ್ತಿದೆ. ಲಾಕ್‌ಡೌನಿನಲ್ಲಿ ಮಾಲು ಬರದೆ ಕಪಾಟು ಖಾಲಿಯಾದಾಗ ಒಬ್ಬ ಅಜ್ಜ ಹೃದಯದ ಮಾತ್ರೆಯ ಚೀಟಿ ಹಿಡಿದು ನಿಂತಿದ್ದರು. ಆ ಕಂಪನಿಯದು ಇರಲಿಲ್ಲ, ಅದೇ ಔಷಧಿ ಅದೇ ಮಿಲಿಗ್ರಾಂ ಇನ್ನೊಂದು ಕಂಪನಿಯದಿತ್ತು. “ಅದ ಐತಲ್ರೀ, ಹೆಸರಷ್ಟ ಬ್ಯಾರೆ, ಕೊಡ್ರಲ್ಲ” ಅಂದರು. ಔಷಧ ನಿಯಮಗಳ 65(11ಎ) ನಿಯಮದ ಪ್ರಕಾರ ಶೆಡ್ಯೂಲ್ ಎಚ್ ಅಥವಾ ಎಕ್ಸ್ ಔಷಧಿಯ ಚೀಟಿಗೆ ಬೇರೆ ತಯಾರಿಕೆಯನ್ನು, ಒಳಗಿನ ಔಷಧಿ ಅದೇ ಇದ್ದರೂ, ಕೊಡುವಂತಿಲ್ಲ. ವೈದ್ಯರಿಗೆ ಫೋನು ಹಚ್ಚಿ, ಅವರು ಹೊಸ ಚೀಟಿ ಬರೆದು ಕಳಿಸಿದ ಮೇಲೆ ಕೊಟ್ಟೆ. ಅಜ್ಜ ಅಲ್ಲಿಯವರೆಗೂ ಬಿಸಿಲಿನಲ್ಲೇ ನಿಂತಿದ್ದರು. ಇಂಥ ಹೊತ್ತಿಗೆ ಈ ನಿಯಮ ಬದಲಾಗಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಪದದ ಮಟ್ಟಿಗೆ: ಒಳಗಿನ ಔಷಧಿ ಅದೇ ಆಗಿ ಕಂಪನಿ ಬೇರೆಯಾದರೆ ‘ಬದಲಿ’, ಔಷಧಿಯೇ ಬೇರೆಯಾದರೆ ‘ಪರ್ಯಾಯ’ ಎಂದು ಗೆರೆ ಎಳೆದರೆ ನಿಮಗೆ ಒಪ್ಪಿಗೆಯೇ?

ಅಂಗಡಿಯ ಬೋರ್ಡಿನ ಕಥೆಯೂ ಹೀಗೇ. ಔಷಧ ನಿಯಮಗಳಲ್ಲಿ ಮೂರು ತೆರನ ಹೆಸರುಗಳಿವೆ. ಫಾರ್ಮಸಿಸ್ಟ್ ಬೇಡವಾದ ಔಷಧಿಗಳನ್ನಷ್ಟೇ ಮಾರುವುದು ‘ಡ್ರಗ್‌ಸ್ಟೋರ್’. ಫಾರ್ಮಸಿಸ್ಟ್ ಇದ್ದು, ಔಷಧಿ ಬೆರೆಸಿ ತಯಾರಿಸುವ ಏರ್ಪಾಡಿಲ್ಲದ್ದು ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’. ಆ ಏರ್ಪಾಡೂ ಇದ್ದರೆ ‘ಫಾರ್ಮಸಿ’ ಇಲ್ಲವೇ ‘ಡಿಸ್ಪೆನ್ಸಿಂಗ್ ಕೆಮಿಸ್ಟ್’. ನಮ್ಮ ಬಾಯಲ್ಲಿ ಎಲ್ಲವೂ ‘ಮೆಡಿಕಲ್’.

ಡಿಸ್ಪೆನ್ಸಿಂಗಿಗೆ ಕನ್ನಡ ಪದಗಳನ್ನು ಹುಡುಕಿದ್ದೇನೆ, ಯಾವುದೂ ಪೂರ್ತಿ ಕೂಡಿಬಂದಿಲ್ಲ. ‘ನೀಡಿಕೆ’ ಚಿಕ್ಕದು, ಚೊಕ್ಕದು. ಆದರೆ ‘ಲಸಿಕೆ ನೀಡಿಕೆ’ ಎಂದು ಪತ್ರಿಕೆಗಳು ಬರೆದು ಬರೆದು, ಅದು ಮೈಗೆ ಚುಚ್ಚುವ, ಬಾಯಿಗೆ ಹಾಕುವ ಕೆಲಸಕ್ಕೆ ಅಂಟಿಕೊಂಡಿದೆ. ಫಾರ್ಮಸಿಸ್ಟ್ ಮಾಡುವುದು ಅದನ್ನಲ್ಲ. ‘ವಿನಿಯೋಗ’ ಅಂದರೆ ಪ್ರಸಾದ ವಿನಿಯೋಗ ನೆನಪಾಗುತ್ತದೆ, ಮತ್ತೆ ಹಂಚುವುದಕ್ಕೇ ಬಂದು ನಿಂತೆವು. ‘ಮದ್ದು ಕೊಡು’ ಮಂಗಳೂರು ಕಡೆ ನಿತ್ಯದ ಮಾತು, ಆದರೆ ಬೇರೆ ಕಡೆಗಳಲ್ಲಿ ‘ಮದ್ದು ಹಾಕು’ ಎಂದರೆ ಊಟದಲ್ಲಿ ಏನೋ ಬೆರೆಸಿ ಕೇಡು ಮಾಡುವುದು. ಕಾನೂನಿನ ಹೊತ್ತಗೆಯಲ್ಲಿ ಆ ನೆರಳು ಬೇಡ.

ನಮ್ಮ ಕಡೆಯ ಹಳಬರು ‘ಕಂಪೌಂಡರ್ ಔಷಧ ಕಟ್ಟಿಕೊಟ್ರು’ ಅನ್ನುತ್ತಿದ್ದರು. ಸರ್ಕಾರಿ ದವಾಖಾನೆಗೆ ಮನೆಯಿಂದಲೇ ಸೀಸೆ ಒಯ್ಯಬೇಕಿತ್ತು. ಕಂಪೌಂಡರ್ ಚೀಟಿ ನೋಡಿ ಮಿಕ್ಸ್ಚರ್ ಬೆರೆಸಿ ಸುರಿದು, ಸೀಸೆಯ ಮೈಗೆ ಡೋಸಿನ ಅಳತೆಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪುಡಿಯಾದರೆ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ. ಓದುವುದು, ಅಳೆಯುವುದು, ಗುರುತು ಹಾಕುವುದು, ಹೇಳಿ ಕೊಡುವುದು ನಾಲ್ಕೂ ಆ ‘ಕಟ್ಟಿಕೊಡು’ವಿನೊಳಗಿತ್ತು. ಇವತ್ತಿನ ಸ್ಟ್ರಿಪ್ಪಿಗೂ ಅದು ಒಗ್ಗುತ್ತದೆ ಎಂದೇ ನನಗನಿಸುತ್ತದೆ. ಸದ್ಯಕ್ಕೆ ಕರಡಿನಲ್ಲಿ ಕ್ರಿಯಾಪದವಾಗಿ ‘ಚೀಟಿ ನೋಡಿ ಕೊಡು’ ಎಂದು ಬರೆದಿದ್ದೇನೆ. ನಾಮಪದದ ಜಾಗ ಖಾಲಿಯಿದೆ.

‘ಚೀಟಿ’ಯ ಬಗ್ಗೆಯೂ ಒಂದು ಮಾತು. 25 ಮಾರ್ಚ್ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ, ವೈದ್ಯರು ಸಹಿ ಮಾಡಿದ ಚೀಟಿಯ ಫೋಟೋವನ್ನು ಮೆಸೇಜಿನಲ್ಲಿ ಕಳಿಸಬಹುದು ಎಂದಿತು. ಮರುದಿನದ ಅಧಿಸೂಚನೆ ಇಮೇಲಿನ ಮಾತಾಡಿತು. ‘ಚೀಟಿ’ ಎಂಬಲ್ಲಿ ಕಾಗದದ ತುಂಡೇ ಕಣ್ಣಿಗೆ ಬರುತ್ತದೆ. ‘ಔಷಧ ಸೂಚಿ’ ಎಂದರೆ ಪರದೆಯ ಮೇಲಿನದೂ ಸೇರುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಅದೇ ನನ್ನ ತಕರಾರು.

‘ತುರ್ತು ಪರಿಸ್ಥಿತಿ’ಯನ್ನು ನಾನು ಬಳಸುತ್ತಿಲ್ಲ. ಅದು 1975ರದ್ದನ್ನೇ ನೆನಪಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 30 ಜನವರಿ 2020ರಂದು ಘೋಷಿಸಿದ್ದಕ್ಕೆ ‘ಆರೋಗ್ಯ ತುರ್ತು’ ಎಂದಷ್ಟೇ ಬರೆಯುತ್ತಿದ್ದೇನೆ.

ಬಲ್ಲವರು ದಯವಿಟ್ಟು ತಿಳಿಸಿ. ‘ಔಷಧ ಕಟ್ಟಿಕೊಡು’ ಮೈಸೂರು, ಕರಾವಳಿ, ಕಲ್ಯಾಣ ಕರ್ನಾಟಕದ ಕಡೆ ಇದೆಯೇ, ಇದ್ದರೆ ಇದೇ ಅರ್ಥದಲ್ಲೇ? ಹಳೆಯ ಮೈಸೂರು ಸರ್ಕಾರದ ಆಸ್ಪತ್ರೆ ಕಾಗದಪತ್ರಗಳಲ್ಲಿ ಕಂಪೌಂಡರರ ಕೆಲಸಕ್ಕೆ ಯಾವ ಕನ್ನಡ ಕ್ರಿಯಾಪದ ಬಳಸಿದ್ದರು? ಕಾನೂನು ಅನುವಾದ ಮಾಡುವವರು ಡಿಸ್ಪೆನ್ಸಿಂಗಿಗೆ ‘ವಿತರಣೆ’ಯನ್ನು ಬಿಟ್ಟು ಬೇರೇನಾದರೂ ಬಳಸಿದ್ದು ಕಂಡಿದ್ದರೆ ಆ ವಾಕ್ಯವನ್ನು ಪೂರ್ತಿಯಾಗಿ ಕಳಿಸಿಕೊಡಿ. ಪದವೊಂದೇ ಸಿಕ್ಕರೆ ಸಾಲದು, ಅದು ಯಾವ ಕೆಲಸಕ್ಕೆ, ಯಾರ ಕೈಗೆ ಸೇರಿದ್ದೆಂದು ವಾಕ್ಯದಲ್ಲೇ ಗೊತ್ತಾಗಬೇಕು.